ಎಸ್‌ಎಂಪಿಎಸ್‌ಗೆ ಉಳಿದ ಚಿಲ್ಲರೆ ಹಾಕಬೇಡಿ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಅಣ್ಣನ ಮಗ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬೇಕೆಂದು ಬಿಡಿಭಾಗಗಳ ಪಟ್ಟಿ ಕಳುಹಿಸಿದ್ದ. ‘ಅತ್ತೆ, ಒಮ್ಮೆ ಕಣ್ಣಾಡಿಸಿ ಹೇಳಿ, ನಾಳೆ ಆರ್ಡರ್ ಹಾಕುತ್ತೇನೆ’ ಎಂದಿದ್ದ. ಪಟ್ಟಿ ಅಚ್ಚುಕಟ್ಟಾಗಿಯೇ ಇತ್ತು. ಪ್ರೊಸೆಸರ್ ಇಂಟೆಲ್ ಕೋರ್ ಐ5-12400ಎಫ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಅದರಲ್ಲೂ 12 ಜಿಬಿಯದು. ರ‍್ಯಾಮ್‌ನ ವೇಗ, ಕಡತಗಳನ್ನು ಇಡುವ ಎಸ್‌ಎಸ್‌ಡಿಯ ವೇಗ, ಕ್ಯಾಬಿನೆಟ್ ಫ್ಯಾನ್‌ಗಳಲ್ಲಿ ಹೊಳೆಯುವ ದೀಪದ ಬಣ್ಣ, ಎಲ್ಲವನ್ನೂ ಬರೆದಿದ್ದಾನೆ. ಕೊನೆಯ ಸಾಲು ಮಾತ್ರ ಹೀಗಿತ್ತು: ‘ಎಸ್‌ಎಂಪಿಎಸ್ – ಕ್ಯಾಬಿನೆಟ್ ಜೊತೆಗೇ ಬರುತ್ತದೆ.’

ತಯಾರಕರ ಹೆಸರಿಲ್ಲ, ಮಾದರಿಯ ಹೆಸರಿಲ್ಲ. ಎಸ್‌ಎಂಪಿಎಸ್ ಎಂದರೆ ಇಡೀ ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ಅದರ ಬಗ್ಗೆ ಅವನಿಗೆ ಗೊತ್ತಿರುವುದು ಅಷ್ಟೇ. ದೀಪದ ಬಣ್ಣಕ್ಕೆ ಕೊಟ್ಟ ಗಮನದ ಕಾಲು ಭಾಗವನ್ನೂ ಅದಕ್ಕೆ ಕೊಟ್ಟಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ನೋಡಿದ ವಿಡಿಯೊಗಳಲ್ಲಿ, ಅವನ ಸ್ನೇಹಿತರ ಮಾತಿನಲ್ಲಿ ಇದೇ ಕ್ರಮ ನಡೆದುಬಂದಿದೆ: ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಗಾಜಿನ ಕ್ಯಾಬಿನೆಟ್, ಕೊನೆಗೆ ಕೈಯಲ್ಲಿ ಉಳಿದ ಚಿಲ್ಲರೆಗೆ ಎಸ್‌ಎಂಪಿಎಸ್. ನನ್ನ ಸಿಟ್ಟೆಲ್ಲ ಆ ಕ್ರಮದ ಮೇಲೆ. ಕೆಟ್ಟ ಯಂತ್ರಗಳನ್ನು ಬಿಚ್ಚಿಕೊಂಡು ಕೂರುವುದೇ ನನ್ನ ಕೆಲಸ ಎಂಬುದು ನಿಮಗೆಲ್ಲ ಗೊತ್ತು. ಈ ಕ್ರಮದ ಫಲ ಕೊನೆಗೆ ಬಂದು ಸೇರುವುದು ನನ್ನ ಮೇಜಿಗೇ.

ಜೊತೆಗೆ ಬರುವ ಆ ಪೆಟ್ಟಿಗೆಯ ಲೇಬಲ್ಲಿನ ಚಿತ್ರ ಹುಡುಕಿ ಕಳುಹಿಸು ಎಂದೆ, ಕಳುಹಿಸಿದ. ‘450 ವ್ಯಾಟ್’ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ ಸಣ್ಣ ಅಕ್ಷರದ ಕೋಷ್ಟಕ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಒಂದೊಂದರ ಎದುರು ಎಷ್ಟು ಆಂಪಿಯರ್ ಎಂಬ ಲೆಕ್ಕ. 12 ವೋಲ್ಟಿನ ಎದುರು 14 ಆಂಪಿಯರ್ ಎಂದಿತ್ತು. ಹನ್ನೆರಡನ್ನು ಹದಿನಾಲ್ಕರಿಂದ ಗುಣಿಸಿದರೆ 168 ವ್ಯಾಟ್. ಇಂದಿನ ಯಂತ್ರದಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಈ 12 ವೋಲ್ಟಿನಿಂದಲೇ ಎಳೆದುಕೊಳ್ಳುತ್ತವೆ. ಆರ್‌ಟಿಎಕ್ಸ್ 3060 ಒಂದಕ್ಕೇ 170 ವ್ಯಾಟ್ ಬೇಕು. ಐ5-12400ಎಫ್ ಪೂರ್ಣ ವೇಗಕ್ಕೇರಿದಾಗ 117 ವ್ಯಾಟ್‌ವರೆಗೆ ಹೋಗಬಹುದು ಎಂದು ಇಂಟೆಲ್ ತಾನೇ ಹೇಳುತ್ತದೆ. ಎರಡೂ ಸೇರಿದರೆ 287. ಪೆಟ್ಟಿಗೆ ಕೊಡಬಲ್ಲದ್ದು 168, ಅದೂ ಲೇಬಲ್ ನಿಜ ಹೇಳುತ್ತಿದೆ ಎಂದು ನಂಬಿದರೆ.

ಹಾಗಾದರೆ ಉಳಿದ ವ್ಯಾಟ್‌ಗಳು ಎಲ್ಲಿಗೆ ಹೋದವು? 5 ಮತ್ತು 3.3 ವೋಲ್ಟಿನ ಸಾಲುಗಳಿಗೆ. ಪೆಂಟಿಯಮ್ 4ಕ್ಕಿಂತ ಹಿಂದೆ ಪ್ರೊಸೆಸರ್‌ಗಳು ಹೆಚ್ಚಾಗಿ ಆ ಸಾಲುಗಳನ್ನೇ ನೆಚ್ಚಿಕೊಂಡಿದ್ದವು. 2000ದಲ್ಲಿ ಪ್ರೊಸೆಸರ್‌ಗೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಕನೆಕ್ಟರ್ ಬಂದ ಮೇಲೆ ಭಾರವೆಲ್ಲ ಅತ್ತ ಸರಿಯಿತು. ಆದರೂ ಎಂದೋ ಮುಗಿದುಹೋದ ಕಾಲದ ವಿನ್ಯಾಸವನ್ನೇ ಹೊಸ ತಗಡಿನ ಡಬ್ಬಿಗೆ ತುಂಬಿ, ಎಲ್ಲ ಸಾಲುಗಳನ್ನೂ ಒಟ್ಟು ಕೂಡಿಸಿ ‘450’ ಎಂದು ಅಚ್ಚು ಹಾಕಿ ಮಾರುವವರಿದ್ದಾರೆ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಎಸ್‌ಎಂಪಿಎಸ್ ಮಾಡುವ ಕೆಲಸ ಗೋಡೆಯ ವಿದ್ಯುತ್ತನ್ನು ತಗ್ಗಿಸಿ ಕೊಡುವಲ್ಲಿಗೇ ಮುಗಿಯುವುದಿಲ್ಲ. ಡೆಸ್ಕ್‌ಟಾಪ್ ಬಿಡಿಭಾಗಗಳಿಗೆಂದು ಇರುವ ಎಟಿಎಕ್ಸ್ ಮಾನದಂಡ ಬಹುಕಾಲದಿಂದ ಹೇಳುತ್ತಾ ಬಂದಂತೆ 12 ವೋಲ್ಟಿನ ಸಾಲು 11.4ಕ್ಕಿಂತ ಇಳಿಯಬಾರದು, 12.6ಕ್ಕಿಂತ ಏರಬಾರದು. ಅದರ ಮೇಲಿನ ಸಣ್ಣ ಏರಿಳಿತ 120 ಮಿಲಿವೋಲ್ಟ್ ಮೀರಬಾರದು. ಗುಂಡಿ ಒತ್ತಿದ ತಕ್ಷಣ ಮದರ್‌ಬೋರ್ಡ್ ಏಳುವುದಿಲ್ಲ. ವೋಲ್ಟೇಜ್‌ಗಳೆಲ್ಲ ನೆಲೆಗೊಂಡಿವೆ ಎಂದು ಎಸ್‌ಎಂಪಿಎಸ್ ಒಂದು ಬೂದು ಬಣ್ಣದ ತಂತಿಯ ಮೂಲಕ ಸಂಕೇತ ಕೊಡಬೇಕು, ಆಮೇಲೆ ಉಳಿದ ಕೆಲಸ. ತೀರಾ ಅಗ್ಗದ ಪೆಟ್ಟಿಗೆಗಳಲ್ಲಿ ಈ ಪರೀಕ್ಷೆಯೇ ಇರುವುದಿಲ್ಲ. ಬೂದು ತಂತಿಯನ್ನು ಸೀದಾ 5 ವೋಲ್ಟಿನ ಸಾಲಿಗೆ ಸೇರಿಸಿಬಿಟ್ಟಿರುತ್ತಾರೆ. ಒಳಗೆ ಏನೇ ಕೆಟ್ಟಿದ್ದರೂ ಅದು ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಿರುತ್ತದೆ.

ಮೊನ್ನೆ ಸತ್ತ ಯಂತ್ರದಿಂದ ತೆಗೆದ ಅಂಥದ್ದೊಂದು ಪೆಟ್ಟಿಗೆ ಈಗಲೂ ನನ್ನ ಎದುರಿಗಿದೆ. (ನೀವು ಯಾರೂ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.) ಕೈಗೆತ್ತಿಕೊಂಡರೆ ಖಾಲಿ ಡಬ್ಬಿಯ ತೂಕ. ವಿದ್ಯುತ್ ಒಳಬರುವ ಜಾಗದಲ್ಲಿ ಸೋಸುವ ಸುರುಳಿಗಳಿಗೆಂದು ಬೋರ್ಡಿನ ಮೇಲೆ ಜಾಗ ಗುರುತು ಮಾಡಿದ್ದಾರೆ, ರಂಧ್ರಗಳೂ ಇವೆ, ಸುರುಳಿಗಳಿಲ್ಲ. ಅವುಗಳ ಬದಲು ಎರಡು ಬರಿಯ ತಂತಿ ಬೆಸೆದಿದ್ದಾರೆ. ಹೊರಹೋಗುವ ಕಡೆಯ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿದೆ, ಒಂದರ ಬುಡದಲ್ಲಿ ಕಂದು ಬಣ್ಣದ ಕಲೆ ಒಣಗಿದೆ. ವಿನ್ಯಾಸ ಮಾಡಿದವನಿಗೆ ಅಲ್ಲಿ ಏನಿರಬೇಕೆಂದು ಗೊತ್ತಿತ್ತು, ಗೊತ್ತಿದ್ದೂ ಹಾಕಲಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಂಥದ್ದು ಒಂದೇ ಸಲ ಢಂ ಎಂದು ಸಿಡಿದರೆ ಕಾರಣವಾದರೂ ಗೊತ್ತಾಗುತ್ತಿತ್ತು. ಬಹುಪಾಲು ಹಾಗಾಗುವುದಿಲ್ಲ. ಆಟ ಆಡುತ್ತಿರುವಾಗ, ಭಾರವಾದ ದೃಶ್ಯ ಬಂದಾಗ, ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಜನ ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ, ಡ್ರೈವರ್ ಬದಲಿಸುತ್ತಾರೆ, ರ‍್ಯಾಮ್ ತೆಗೆದು ಒರೆಸಿ ಕೂರಿಸುತ್ತಾರೆ, ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದು ವಾರಂಟಿಗೆ ಕಳುಹಿಸುತ್ತಾರೆ. ಅದು ‘ದೋಷವಿಲ್ಲ’ ಎಂಬ ಚೀಟಿಯೊಂದಿಗೆ ಹಿಂದಕ್ಕೆ ಬರುತ್ತದೆ. ಎಸ್‌ಎಂಪಿಎಸ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ, ಏಕೆಂದರೆ ಪಟ್ಟಿ ಮಾಡುವಾಗಲೂ ಅದರ ಕಡೆಗೆ ಕಣ್ಣು ಹೋಗಿರಲಿಲ್ಲ. ಮಿತಿ ಮೀರಿದಾಗ ತಾನೇ ಆರಿಕೊಳ್ಳಬೇಕಾದ ರಕ್ಷಣಾ ವ್ಯವಸ್ಥೆಯೂ ಇಲ್ಲದಿದ್ದರೆ, ಹೋಗುವಾಗ ಮದರ್‌ಬೋರ್ಡನ್ನೋ ಎಸ್‌ಎಸ್‌ಡಿಯನ್ನೋ ಜೊತೆಗೆ ಎಳೆದುಕೊಂಡೇ ಹೋಗಬಹುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ನಮ್ಮ ಮನೆಯಲ್ಲಿ ಕ್ಯಾಬಿನೆಟ್ ಜೊತೆ ಬಂದದ್ದೇ ವರ್ಷಗಟ್ಟಲೆ ಓಡುತ್ತಿದೆ, ಏನೂ ಆಗಿಲ್ಲ.’ ಇರಬಹುದು. ಆ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆಯೇ ಎಂದು ಕೇಳಿದರೆ ಸಾಮಾನ್ಯವಾಗಿ ಇರುವುದಿಲ್ಲ. ಪತ್ರ ಟೈಪು ಮಾಡುವ, ಲೆಕ್ಕ ಬರೆಯುವ ಯಂತ್ರ 100 ವ್ಯಾಟ್ ಮುಟ್ಟುವುದೂ ಅಪರೂಪ. ಕೆಲಸವೇ ಇಲ್ಲದ ಪೆಟ್ಟಿಗೆ ಬಾಳಿದ್ದರಲ್ಲಿ ಅದರ ಹೆಚ್ಚುಗಾರಿಕೆ ಏನೂ ಇಲ್ಲ. ಕೆಪಾಸಿಟರ್‌ಗಳ ಆಯುಷ್ಯ ಬಿಸಿಯ ಲೆಕ್ಕದಲ್ಲಿ ನಡೆಯುತ್ತದೆ: ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ಸ್ಥೂಲ ಲೆಕ್ಕ. ಅದೇ ಪೆಟ್ಟಿಗೆಗೆ ನಾಳೆ 170 ವ್ಯಾಟ್‌ನ ಕಾರ್ಡ್ ಜೋಡಿಸಿ ನೋಡಿ.

ಇನ್ನೊಂದು ಮಾತು: ‘80 ಪ್ಲಸ್ ಸ್ಟಿಕ್ಕರ್ ಇದೆಯಲ್ಲ.’ 2004ರಲ್ಲಿ ಶುರುವಾದ ಆ ಪ್ರಮಾಣಪತ್ರ ಅಳೆಯುವುದು ಮುಖ್ಯವಾಗಿ ದಕ್ಷತೆಯನ್ನು, ಎಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಯಂತ್ರಕ್ಕೆ ತಲುಪಿತು ಎಂಬುದನ್ನು. ಏರಿಳಿತ ಎಷ್ಟಿದೆ, ರಕ್ಷಣೆ ಕೆಲಸ ಮಾಡುತ್ತದೆಯೇ, ಕೆಪಾಸಿಟರ್ ಎಂಥದ್ದು ಎಂಬುದನ್ನು ಅದು ಹೇಳುವುದಿಲ್ಲ. ಸುಳ್ಳು ಸ್ಟಿಕ್ಕರ್ ಅಂಟಿಸಿಕೊಂಡವೂ ಇವೆ. ಪ್ರಮಾಣಿತ ಮಾದರಿಗಳ ಪಟ್ಟಿ ಎಲ್ಲರಿಗೂ ತೆರೆದಿದೆ, ಅದರಲ್ಲಿ ಮಾದರಿಯ ಹೆಸರು ಹುಡುಕಿ. ಆಮೇಲೂ ಬಿಚ್ಚಿ, ಉಪಕರಣ ಹಚ್ಚಿ ಪರೀಕ್ಷಿಸಿದವರ ವಿಮರ್ಶೆ ಓದಿ. ಪೆಟ್ಟಿಗೆ ತೆರೆದು ತೋರಿಸಿ ‘ಚೆನ್ನಾಗಿದೆ’ ಎನ್ನುವವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

‘ಬಜೆಟ್ ಇಲ್ಲ ಅತ್ತೆ’ ಎಂದ ಹುಡುಗ. ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ನಾನು ಇಷ್ಟು ಕೂಗಾಡುವುದೇ ಬಜೆಟ್ ಇಲ್ಲದವರಿಗಾಗಿ. ಹಣವಿದ್ದವರ ಕಾರ್ಡ್ ಸುಟ್ಟರೆ ಅವರು ಇನ್ನೊಂದು ತರಿಸಿಕೊಳ್ಳುತ್ತಾರೆ, ನನಗೆ ಅವರ ಚಿಂತೆಯಿಲ್ಲ. ರಜೆಯಲ್ಲೆಲ್ಲ ದುಡಿದು ಕೂಡಿಟ್ಟವನ ಕಾರ್ಡ್ ಸುಟ್ಟರೆ ಅವನ ಯಂತ್ರ ಮತ್ತೆ ಏಳುವುದು ಯಾವಾಗಲೋ. ಸತ್ತ ಮದರ್‌ಬೋರ್ಡನ್ನು ಕೈಯಲ್ಲಿ ಹಿಡಿದು ನನ್ನ ಎದುರು ಮಾತಿಲ್ಲದೆ ಕುಳಿತ ಹುಡುಗರ ಮುಖ ನನಗೆ ಮರೆಯುವುದಿಲ್ಲ. ಅವರಿಗೆ ಏನು ಹೇಳಬೇಕೆಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಹಣವನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಅವನ ಪಟ್ಟಿಯಲ್ಲೇ ಉತ್ತರವಿತ್ತು. ದೀಪವಿರುವ ರ‍್ಯಾಮ್ ಬೇಡ, ದೀಪವಿಲ್ಲದ್ದೂ ಅದೇ ವೇಗದಲ್ಲಿ ಓಡುತ್ತದೆ. ಗಾಜಿನ ಕ್ಯಾಬಿನೆಟ್ ಬದಲು ಮುಂಭಾಗದಲ್ಲಿ ಜಾಲರಿಯಿರುವ ಸಾದಾ ಕ್ಯಾಬಿನೆಟ್ ಸಾಕು. ಅಗ್ಗ ಮಾತ್ರವಲ್ಲ, ಗಾಳಿಯೂ ಚೆನ್ನಾಗಿ ಆಡುತ್ತದೆ. ಡಬ್ಬಿಯಲ್ಲಿ ಬರುವ 12400ಎಫ್ ಜೊತೆ ಕೂಲರ್ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ. ಮೂರನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿಗೂ ನಾಲ್ಕನೇ ತಲೆಮಾರಿನದಕ್ಕೂ ದಿನನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಕಾರ್ಡ್ ಆಟಕ್ಕೆ ಮಾತ್ರ ಎಂದಾದರೆ ಆರ್‌ಎಕ್ಸ್ 6600 ನೋಡು ಎಂದೆ, ಅದಕ್ಕೆ 132 ವ್ಯಾಟ್ ಸಾಕು. ಇಷ್ಟರಲ್ಲೇ ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಹಣ ಹುಟ್ಟಿತು.

550 ಸಾಕೇ ಎಂದು ಮತ್ತೆ ಕೇಳಿದ. ಸಾಕು. ದೊಡ್ಡ ಸಂಖ್ಯೆಯ ಕಳಪೆ ಪೆಟ್ಟಿಗೆಗಿಂತ ಸಣ್ಣ ಸಂಖ್ಯೆಯ ಪ್ರಾಮಾಣಿಕ ಪೆಟ್ಟಿಗೆ ಮೇಲು. ಆದರೆ ಲೆಕ್ಕಕ್ಕೆ ಸರಿಯಾಗಿ, ಒಂದಿಷ್ಟೂ ಉಳಿಕೆ ಇಲ್ಲದಂತೆ ಕೊಳ್ಳಬಾರದು. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ತೀರಾ ಕಡಿಮೆ ಹೊತ್ತು ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಎಳೆಯುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ ಈ ಕ್ಷಣಿಕ ಏರಿಕೆಗೆಂದೇ ನಿಯಮ ಮಾಡಿದೆ.

ಇಷ್ಟಾದರೂ ಹಣ ಸಾಲದಿದ್ದರೆ ಇನ್ನೊಂದು ದಾರಿ ಇದೆ, ನನಗೆ ತುಂಬ ಇಷ್ಟವಾದ ದಾರಿ. ಗ್ರಾಫಿಕ್ಸ್ ಕಾರ್ಡನ್ನೇ ಈಗ ಬಿಟ್ಟುಬಿಡಿ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟು, ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿಯಂಥ ಪ್ರೊಸೆಸರ್ ಆರಿಸಿ. 16 ಜಿಬಿಯ ಒಂದೇ ರ‍್ಯಾಮ್ ಹಾಕದೆ 8 ಜಿಬಿಯ ಎರಡನ್ನು ಹಾಕಿ. ಡಿಡಿಆರ್4-3200 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2 ಜಿಬಿ ಸಾಗಿಸಬಲ್ಲದು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲದ ಕಾರಣ ಅದರ ವೇಗ ಇದರ ಮೇಲೇ ನಿಂತಿದೆ. ಬಯಾಸ್‌ಗೆ, ಎಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿಗೆ ಹೋಗಿ, ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡುವುದನ್ನು ಮರೆಯಬೇಡಿ. ಎಷ್ಟೋ ಜನ 3200ರ ರ‍್ಯಾಮ್‌ಗೆ ಹಣ ಕೊಟ್ಟು 2400ರಲ್ಲೋ 2666ರಲ್ಲೋ ಓಡಿಸುತ್ತಿದ್ದಾರೆ. ಒಳ್ಳೆಯ ಎಸ್‌ಎಂಪಿಎಸ್ ಮಾತ್ರ ಇಂದೇ ಹಾಕಿ. ಕಾರ್ಡ್ ಮುಂದಿನ ವರ್ಷ ಬರಲಿ. 5, 7, 10 ವರ್ಷ ವಾರಂಟಿ ಕೊಡುವ ಎಸ್‌ಎಂಪಿಎಸ್‌ಗಳಿವೆ. ಅಂಥದ್ದು ಈ ಯಂತ್ರ ಹಳತಾದ ಮೇಲೂ ಮುಂದಿನ ಯಂತ್ರಕ್ಕೆ ಬರುತ್ತದೆ. ಪ್ರೊಸೆಸರ್ ಬಗ್ಗೆ ಈ ಮಾತು ಹೇಳಲಾಗುವುದಿಲ್ಲ.

ಹೀಗೆ ಬದಲಿಸುವವರಿಗೆ ಒಂದು ಎಚ್ಚರಿಕೆ: ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಬೇಡಿ. ಕನೆಕ್ಟರ್ ಒಂದೇ ಥರ ಕಂಡರೂ ಪಿನ್ನುಗಳ ಜೋಡಣೆ ಬೇರೆ ಇರಬಹುದು. ಗುಂಡಿ ಒತ್ತಿದ ಕ್ಷಣದಲ್ಲೇ ಆ ಕೇಬಲ್‌ಗೆ ಸೇರಿದ ಎಸ್‌ಎಸ್‌ಡಿ ಸತ್ತುಹೋಗಬಹುದು.

ಹುಡುಗ ಇನ್ನೂ ಯೋಚಿಸುತ್ತಿದ್ದಾನೆ. ಗಾಜಿನ ಕ್ಯಾಬಿನೆಟ್ ಬಿಡಲು ಅವನಿಗೆ ಮನಸ್ಸಿಲ್ಲ, ಗೊತ್ತು. ನೀವು ಯಾರಾದರೂ ಪಟ್ಟಿ ಮಾಡುತ್ತಿದ್ದರೆ ಕಳುಹಿಸಿ, ಎಷ್ಟು ಹೊತ್ತಾದರೂ ಕುಳಿತು ನೋಡುತ್ತೇನೆ, ಅದಕ್ಕೆ ನನಗೆ ಬೇಸರವಿಲ್ಲ. ಎಸ್‌ಎಂಪಿಎಸ್‌ನ ಲೇಬಲ್ಲಿನ ಫೋಟೊ ಅದರ ಜೊತೆಗಿರಲಿ, 12 ವೋಲ್ಟಿನ ಎದುರಿನ ಆಂಪಿಯರ್ ಓದಲು ಬರುವಂತಿರಲಿ. ಅದಿಲ್ಲದ ಪಟ್ಟಿಗೆ ನಾನು ಉತ್ತರ ಬರೆಯುವುದಿಲ್ಲ.