ಗಾಳಿಗೆ ಹಾರಿದ ಹಿಟ್ಟು

ಮತ್ತೊಂದು ರಟ್ಟಿನ ಚೆಕ್ಕಿನ ಫೋಟೋ ಬಂದಿದೆ. ನೀವೂ ನೋಡಿರುತ್ತೀರಿ: ಬಾಗಿಲಿನಷ್ಟು ದೊಡ್ಡ ಚೆಕ್ಕು, ಅದನ್ನು ಹಿಡಿಯಲು ಆರು ಮಂದಿ, ಹಿಂದೆ ಕುತ್ತಿಗೆ ಚಾಚಿ ಇಣುಕುವವರು ಹತ್ತು ಮಂದಿ. ಗಿರಾಕಿಗಳಿಗೆ ಮೋಸ ಮಾಡಿದ ಕಂಪನಿ ಕಟ್ಟಿದ ಪರಿಹಾರದಲ್ಲಿ, ಹಂಚಿ ಉಳಿದ ಹಣ ಸತ್ಕಾರ್ಯಕ್ಕೆ ಸಂದಿತಂತೆ. ಮೋಸ ಹೋದವರು ಮಾತ್ರ ಫೋಟೋದಲ್ಲಿಲ್ಲ. ಅವರ ವಿಳಾಸ ಸಿಗಲಿಲ್ಲವಂತೆ. ತಿಂಗಳು ತಿಂಗಳು ಬಿಲ್ಲು ಕಳಿಸುವಾಗ ತಪ್ಪದೇ ಸಿಗುತ್ತಿದ್ದ ವಿಳಾಸ!

ಹೀಗೆ ಹಣವನ್ನು ಸತ್ಕಾರ್ಯಕ್ಕೆ ತಿರುಗಿಸುವುದನ್ನು ವಕೀಲರು 'ಸೈ ಪ್ರೆ' ಎನ್ನುತ್ತಾರೆ. ಹಳೇ ಫ್ರೆಂಚ್ ಮಾತು, 'ಆದಷ್ಟು ಹತ್ತಿರ' ಎಂದರ್ಥ. ಮೂಲದಲ್ಲಿ ಇದು ಒಳ್ಳೆಯ ವಿವೇಕವೇ. ಯಾರೋ ಪುಣ್ಯಾತ್ಮ ಅರವಟ್ಟಿಗೆ ನಡೆಸಲು ಹೊಲ ಬಿಟ್ಟುಹೋದ, ಮುಂದೆ ಆ ದಾರಿಯಲ್ಲಿ ಜನಸಂಚಾರವೇ ನಿಂತಿತು ಅನ್ನಿ. ಪಕ್ಕದ ದಾರಿಯಲ್ಲಿ ನೀರು ಇಡಿ, ಹೊಲ ಮಾರಿ ತಿನ್ನಬೇಡಿ ಎನ್ನುವುದು ಇದರ ತಾತ್ಪರ್ಯ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಲ್ಲೂ ಈ ವಿಚಾರ ಉಂಟು. ಆದರೆ ಅದು ದಾನ ಕೊಟ್ಟವನ ಹಣದ ಮಾತು. ಕಸಿದುಕೊಂಡ ಹಣಕ್ಕೂ ಅದೇ ಮಂತ್ರ ಹೇಳಿದರೆ ಅದಕ್ಕೆ ಫ್ರೆಂಚ್ ಬೇಕಿಲ್ಲ, ನಮ್ಮ ಹಿರಿಯರೇ ಹೇಳಿದ್ದಾರೆ: ಗಾಳಿಗೆ ಹಾರಿದ ಹಿಟ್ಟು ಕೃಷ್ಣಾರ್ಪಣ.

ಹಿಟ್ಟಿನ ಮಾತು ಬಂತಲ್ಲ, ಹಳೇ ಹುಬ್ಬಳ್ಳಿಯ ಯಾವುದಾದರೂ ಓಣಿಯ ಗಿರಣಿಗೆ ಹೋಗಿ ನಿಲ್ಲಿ. ಐದು ಕಿಲೋ ಜೋಳ ಸುರಿದರೆ ಐದು ಕಿಲೋ ಹಿಟ್ಟು ಬರುವುದಿಲ್ಲ. ಒಂದಿಷ್ಟು ಕಲ್ಲಿನ ಸಂದಿಯಲ್ಲಿ, ಒಂದಿಷ್ಟು ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ, ಇನ್ನೊಂದಿಷ್ಟು ಗಿರಣಿಯವನ ಹುಬ್ಬಿನ ಮೇಲೆ. ನಿಮ್ಮ ಡಬ್ಬಿಗೆ ಹಿಂದಿನವರ ಗೋಧಿ ಚೂರು ಬಂದಿರುತ್ತದೆ, ನಿಮ್ಮ ಜೋಳ ಮುಂದಿನವರ ಕಡಲೆಹಿಟ್ಟಿಗೆ ಸೇರಿರುತ್ತದೆ. ರಾತ್ರಿ ಕಸಬರಿಗೆ ಆಡಿಸಿದರೆ ಒಂದು ಬುಟ್ಟಿ. ಯಾರದು ಎಷ್ಟು ಅಂತ ಬ್ರಹ್ಮನಿಗೂ ಗೊತ್ತಾಗದು. ಅದು ಎಮ್ಮೆಗೆ ಹೋಗುತ್ತದೆ, ಯಾರೂ ತಕರಾರು ತೆಗೆಯುವುದಿಲ್ಲ. ಯಾಕೆಂದರೆ ಗಿರಣಿಯವನು ಮೊದಲು ಎಲ್ಲರ ಡಬ್ಬಿ ತುಂಬಿಸಿ ಕೊಟ್ಟಿರುತ್ತಾನೆ. ಗುಡಿಸಿದ್ದನ್ನು ಎಮ್ಮೆಗೆ ಹಾಕುವುದು ಬೇರೆ. ಡಬ್ಬಿಯನ್ನೇ ಎಮ್ಮೆಯ ಮುಂದೆ ಸುರಿದು, ಗೋಸೇವೆ ಮಾಡಿದೆನೆಂದು ಶಾಲು ಹೊದಿಸಿಕೊಳ್ಳುವುದು ಬೇರೆ.

ಈ ಶಾಲಿನ ಕಲೆಯಲ್ಲಿ ಅಮೆರಿಕದವರು ನಮಗಿಂತ ಬಹಳ ಮುಂದಿದ್ದಾರೆ. ಜನ ಹುಡುಕಿದ ಪದಗಳನ್ನು ಬೇರೆ ವೆಬ್‌ಸೈಟುಗಳಿಗೆ ಸೋರಿಸಿದ ಆರೋಪದಲ್ಲಿ ಗೂಗಲ್ 85 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತ್ತು. ಬಾಧಿತರು ಸುಮಾರು 12.9 ಕೋಟಿ. ವಕೀಲರ ಪಾಲು, ಖರ್ಚು ಕಳೆದರೆ ತಲೆಗೆ ನಾಲ್ಕು ಸೆಂಟು ಬರುತ್ತದೆ, ಹಂಚುವ ಖರ್ಚೇ ಹೆಚ್ಚು ಎಂದು ಲೆಕ್ಕ ಹಾಕಿ, ಸುಮಾರು 53 ಲಕ್ಷವನ್ನು ಆರು ಸಂಸ್ಥೆಗಳಿಗೆ ಕೊಡುವುದೆಂದು ಬರೆದರು. ಅವುಗಳಲ್ಲಿ ಬಾಧಿತರ ಪರ ವಕೀಲರು ಓದಿ ಬಂದ ವಿಶ್ವವಿದ್ಯಾಲಯಗಳೂ ಇದ್ದವು. ವಕೀಲರ ಪಾಲು 21 ಲಕ್ಷದ ಮೇಲೆ. ವಕೀಲರ ವಿಳಾಸ ಹುಡುಕಲು ಯಾರಿಗೂ ಕಷ್ಟವಾಗಲಿಲ್ಲ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮೊದಲು ದಾವೆ ಹೂಡುವ ಹಕ್ಕು ಇತ್ತೇ ನೋಡಿ ಎಂದು ಕಡತವನ್ನು ಕೆಳಗೆ ಕಳಿಸಿತು. ದಾನದ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ.

ಕೆಲಾಗ್ಸ್‌ನದು ಇನ್ನೂ ರುಚಿ. ಈ ಗೋಧಿ ತಿನಿಸು ತಿಂದರೆ ಮಕ್ಕಳ ಏಕಾಗ್ರತೆ ಸುಮಾರು 20% ಏರುತ್ತದೆ ಎಂದು ಜಾಹೀರಾತು ಕೊಟ್ಟರು. (ಇಲ್ಲಿ ರೊಟ್ಟಿ-ಪುಂಡಿಪಲ್ಯ ಉಂಡು ಎಸ್ಸೆಸ್ಸೆಲ್ಸಿ ಪಾಸಾದವರು ಯಾರೂ ಶೇಕಡಾವಾರು ಹೇಳಿಕೊಂಡಿಲ್ಲ.) ರಾಜಿಯಾಯಿತು: ಕೇಳಿ ಬಂದ ಗಿರಾಕಿಗಳಿಗೆ 27.5 ಲಕ್ಷ ಡಾಲರ್, ಬಡವರಿಗೆ ಹಂಚಲು 55 ಲಕ್ಷ ಡಾಲರ್ ಮೌಲ್ಯದ ತಿನಿಸು. 2012ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ಹಸಿದವರಿಗೆ ಉಣಿಸುವುದು ದೊಡ್ಡ ಕೆಲಸ, ಆದರೆ ಸುಳ್ಳು ಜಾಹೀರಾತಿಗೂ ಅದಕ್ಕೂ ಏನು ಸಂಬಂಧ ಅಂತ. ಇನ್ನೊಂದು ಮಾತನ್ನೂ ಕೇಳಿತು: ಈ 55 ಲಕ್ಷ ಯಾವ ದರದಲ್ಲಿ? ಅಂಗಡಿ ದರವೋ, ಸಗಟು ದರವೋ, ತಯಾರಿಕೆಯ ಖರ್ಚೋ? ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಕೊತ್ತಂಬರಿ ಕೊಳ್ಳುವ ಯಾವ ಅವ್ವನೂ ಮೊದಲು ಕೇಳುವ ಪ್ರಶ್ನೆಯದು.

ನಮ್ಮಲ್ಲಿ ಕಾನೂನು ಕಡಿಮೆಯೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮು ನೋಡಿ. ಹಾನಿ ಬಹಳ ಮಂದಿಗೆ ಆಗಿದ್ದು, ಅವರನ್ನು ಸುಲಭವಾಗಿ ಗುರುತಿಸಲು ಆಗದಿದ್ದರೆ, ಮಾರಿದ ದೋಷದ ಮಾಲಿನ ಬೆಲೆಯ ಕನಿಷ್ಠ 25% ಕಟ್ಟಿಸಬಹುದು. ಜಿಎಸ್‌ಟಿ ಇಳಿದರೂ ಬೆಲೆ ಇಳಿಸದವನಿಂದ ವಸೂಲಾದ ಹಣದಲ್ಲಿ, ಗಿರಾಕಿ ಸಿಗದಿದ್ದರೆ, ಅರ್ಧ ಕೇಂದ್ರದ ಗ್ರಾಹಕ ಕಲ್ಯಾಣ ನಿಧಿಗೆ, ಅರ್ಧ ರಾಜ್ಯದ್ದಕ್ಕೆ. ಭೇಷ್! ಇಂಥ ಹೊಸ ದೂರು ತೆಗೆದುಕೊಳ್ಳುವುದನ್ನು 1-4-2025ಕ್ಕೆ ನಿಲ್ಲಿಸಿದರು. 22-9-2025ಕ್ಕೆ ಸೋಪು, ಶಾಂಪೂ, ಬಿಸ್ಕತ್ತಿನ ತೆರಿಗೆ ಇಳಿಸಿದರು. ಕಿಟಕಿ ಮುಚ್ಚಿದ ಮೇಲೆ ಜನರನ್ನು ಸರದಿಗೆ ನಿಲ್ಲಿಸುವ ಈ ಜಾಣತನಕ್ಕೊಂದು ಶಾಲು ಬೇಡವೇ?

ಇನ್ನು ಬ್ಯಾಂಕಿನಲ್ಲಿ ಹತ್ತು ವರ್ಷ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ 'ಶಿಕ್ಷಣ ಮತ್ತು ಅರಿವು' ನಿಧಿಗೆ. ಏಳು ವರ್ಷ ಪಡೆಯದ ಡಿವಿಡೆಂಡು ಹೂಡಿಕೆದಾರರ 'ಶಿಕ್ಷಣ ಮತ್ತು ರಕ್ಷಣೆ' ನಿಧಿಗೆ. ದುಡ್ಡು ಕಳಕೊಂಡವನಿಗೆ ದುಡ್ಡು ಕಳಕೊಳ್ಳಬಾರದೆಂಬ ಪಾಠ, ಅವನದೇ ದುಡ್ಡಿನಲ್ಲಿ. ಒಂದು ಸಮಾಧಾನ, ಈ ಎರಡರಿಂದಲೂ ವಾರಸುದಾರ ಆಮೇಲೆ ಹಣ ಕೇಳಿ ಪಡೆಯಬಹುದು. ಠೇವಣಿಗಾದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಿ. ಅದು ಯಾವ ಬ್ಯಾಂಕು ಅಂತ ಹೇಳುತ್ತದಷ್ಟೇ, ಹಣಕ್ಕೆ ಶಾಖೆಗೇ ಹೋಗಬೇಕು. ಡಿವಿಡೆಂಡಿಗಾದರೆ ಆ ನಿಧಿಯ ಐಇಪಿಎಫ್-5 ನಮೂನೆ, ಮುಚ್ಚಳಿಕೆ ಬಾಂಡು, ರೆವಿನ್ಯೂ ಸ್ಟ್ಯಾಂಪು ಹಚ್ಚಿದ ಮುಂಗಡ ರಸೀದಿ, ಎಲ್ಲ ಕಂಪನಿಯ ನೋಡಲ್ ಅಧಿಕಾರಿಗೆ.

ಇಲ್ಲಿ ಸಿಕ್ಕಿಬೀಳುವುದು ನಮ್ಮ ಕಡೆಯ ಅಡ್ಡಹೆಸರು. ಪ್ಯಾನ್ ಕಾರ್ಡಿನಲ್ಲಿ ಮೆಣಸಿನಕಾಯಿ, ಆಧಾರಿನಲ್ಲಿ ಮೆಣಸಿನಕಾಯ್, ಪಾಸ್‌ಬುಕ್ಕಿನಲ್ಲಿ ಮೆಣಸಿಂಕಾಯಿ. ಉಳ್ಳಾಗಡ್ಡಿಯವರಿಗೆ ಇಂಗ್ಲಿಷಿನಲ್ಲಿ ಒಂದು ಕಡೆ 'ಎಲ್' ಒಂದು, ಇನ್ನೊಂದು ಕಡೆ ಎರಡು.

"ಸರ, ಮೂರೂ ನಾನs ರೀ."

"ನೀವ ಇರಬಹುದ್ರೀ ಅಜ್ಜಾರ, ಕಂಪ್ಯೂಟರ್ ಒಪ್ಪಬೇಕಲ್ಲ? ಅಫಿಡವಿಟ್ ಮಾಡಿಸ್ಕೊಂಡ ಬರ್ರಿ."

ಅಫಿಡವಿಟ್ಟಿಗೆ, ನೋಟರಿಗೆ, ಎರಡು ಸಲ ಬಸ್ಸಿಗೆ ಆಗುವ ಖರ್ಚು ಬರಬೇಕಾದ ಹಣಕ್ಕಿಂತ ಜಾಸ್ತಿ. ಅಜ್ಜ ಕೈಬಿಡುತ್ತಾನೆ. ಕಡತದಲ್ಲಿ ಬರೆಯುತ್ತಾರೆ: 'ವಾರಸುದಾರರು ಆಸಕ್ತಿ ತೋರಿಲ್ಲ.'

ಸಾಕ್ರೀ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. 'ಉಳಿದ ಹಣ' ಅಂತ ತಾನಾಗಿ ಉಳಿಯುವುದಿಲ್ಲ, ಉಳಿಸುತ್ತಾರೆ. ಖಾತೆ ಇದ್ದವನಿಗೆ ಮುಂದಿನ ಬಿಲ್ಲಿನಲ್ಲೇ ಕಳೆಯಿರಿ, ಅರ್ಜಿ ಯಾಕೆ? ಚೆಕ್ಕು ಮುರಿಸದೇ ಬಿಟ್ಟವರ ಪಾಲನ್ನು ಮುರಿಸಿದವರಿಗೇ ಎರಡನೇ ಸುತ್ತಿನಲ್ಲಿ ಹಂಚಿರಿ. ತಲೆಗೆ ಬರುವ ಹಣ ಕಳಿಸುವ ಖರ್ಚಿಗಿಂತ ಕೆಳಗಿಳಿದಾಗ ದಾನದ ಮಾತು. ಆಗಲೂ ಅದೇ ಜಾತಿಯ ಮೋಸದ ವಿರುದ್ಧ ದುಡಿಯುವವರಿಗೆ, ಮೋಸ ನಡೆದ ಊರುಗಳಲ್ಲೇ. ಚೀಟಿ ಹಣ ಮುಳುಗಿಸಿದ್ದಕ್ಕೆ ಚೀಟಿದಾರರ ಕೇಸು ನಡೆಸುವವರಿಗೆ ಕೊಡಿ, ಕ್ರಿಕೆಟ್ ಪಂದ್ಯಾವಳಿಗೆ ಬೇಡ. ಪಡೆಯುವ ಸಂಸ್ಥೆಯ ಮಂಡಳಿಯಲ್ಲಿ ವಕೀಲರ ಬೀಗರು, ಕಂಪನಿಯ ಭಾವಮೈದುನ ಇರಬಾರದು. ವರ್ಷದ ಕೊನೆಗೆ ಖರ್ಚಿನ ಲೆಕ್ಕ ಅದೇ ಕೋರ್ಟಿಗೆ ಬರಬೇಕು.

ಇರಲಿ, ಫೋಟೋ ಚೆನ್ನಾಗಿದೆ. ಬಾಗಿಲಿನಷ್ಟು ಚೆಕ್ಕು ಅಂದರೆ ಆರಡಿ ಮೂರಡಿ, 18 ಚದರ ಅಡಿ ಫ್ಲೆಕ್ಸು, ಹಿಂದೆ ರಟ್ಟು, ಸುತ್ತ ಟೇಪು. ಅದರ ಬಿಲ್ಲು 'ಆಡಳಿತ ವೆಚ್ಚ'ದಲ್ಲಿ ಕುಳಿತಿರಬೇಕು. ಫ್ಲೆಕ್ಸಿನವನ ವಿಳಾಸ ಮಾತ್ರ ಅದೇ ಸಂಜೆ ಸಿಕ್ಕಿರುತ್ತದೆ.