ಮಲಗದ ಕಾರು, ಏಳದ ಕಾರು

ದಿನಾ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಜೋತಾಡಿಕೊಂಡು ಹೋಗುವ ಕನ್ನಡಿಗನಿಗೆ ಕಾರೆಂದರೆ ಬಿಲ್ಡಿಂಗ್ ಕೆಳಗೆ ಕಟ್ಟಿಹಾಕಿದ ಆನೆ. ವರ್ಷಕ್ಕೆರಡು ಸಲ ಊರಿಗೆ, ಆಗೊಮ್ಮೆ ಈಗೊಮ್ಮೆ ಮಾಟುಂಗಾದಲ್ಲಿ ಮದುವೆಗೆ. ಉಳಿದ ದಿನ ಅದರ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಪಾರಿವಾಳ. ಮುಹೂರ್ತದ ದಿನ ರೇಷ್ಮೆ ಸೀರೆ, ಉಡುಗೊರೆಯ ಕವರ್ ಸಮೇತ ಕೆಳಗಿಳಿದು ಬಟನ್ ಒತ್ತಿದರೆ ಬಾನೆಟ್ಟಿನೊಳಗೆ ಟಕ್ ಟಕ್ ಟಕ್. ಹಲ್ಲಿ ಲೊಚಗುಟ್ಟಿದ್ದಲ್ಲ; ಸ್ಟಾರ್ಟರ್‌ನ ಸ್ವಿಚ್ಚು ಬಡಿದುಕೊಳ್ಳುವಷ್ಟು ಕರೆಂಟ್ ಉಳಿದಿದೆ, ಎಂಜಿನ್ ತಿರುಗಿಸುವಷ್ಟಿಲ್ಲ.

ಓಡದ ಕಾರಿನ ಬ್ಯಾಟರಿ ಯಾರು ತಿಂದರು ಮಾರಾಯ್ರೆ? ಮೊದಲ ಅನುಮಾನ ಗಾಜಿನ ಮೇಲಿನ ಫಾಸ್ಟ್ಯಾಗ್ ಮೇಲೆ. ಪಾಪ, ಅದು ನಿರಪರಾಧಿ. ಅದಕ್ಕೆ ಬ್ಯಾಟರಿಯ ಸಂಪರ್ಕವೇ ಇಲ್ಲ, ಟೋಲ್ ಗೇಟಿನ ರೀಡರ್ ಕಳಿಸುವ ಅಲೆಯಲ್ಲೇ ಅದರ ಜೀವನ. ತಿನ್ನುವವನು ಡ್ಯಾಶ್‌ಬೋರ್ಡಿನ ಹಿಂದಿದ್ದಾನೆ: ಕಾರನ್ನು ಮೊಬೈಲ್ ಆ್ಯಪ್‌ಗೆ ಜೋಡಿಸುವ, ಇ-ಸಿಮ್ ಇರುವ ಪುಟ್ಟ ಡಬ್ಬಿ. ನೀವು ಲಾಕ್ ಮಾಡಿ ಹೋದ ಮೇಲೂ ಅವನು ಟವರ್ ಜೊತೆ ಪಿಸುಗುಡುತ್ತಿರುತ್ತಾನೆ. ಬೇಸ್‌ಮೆಂಟ್‌ನಲ್ಲಿ ಸಿಗ್ನಲ್ ಸಿಗದಿದ್ದರೆ ಹುಡುಕಾಟ ಜಾಸ್ತಿ, ಹಸಿವೂ ಜಾಸ್ತಿ.

ಲೆಕ್ಕ ಸಣ್ಣದು. ನಿಂತ ಕಾರು 50 ಮಿಲಿಆಂಪ್ ಎಳೆಯುವುದು ತಪ್ಪೇನಲ್ಲ. ಅದನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 1.2 ಆಂಪ್-ಅವರ್. 45 ಆಂಪ್-ಅವರ್ ಬ್ಯಾಟರಿಯಲ್ಲಿ 20 ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಪಾರ್ಕಿಂಗ್ ಮೋಡ್‌ನಲ್ಲಿ ಪಾರಿವಾಳದ ಸಿನಿಮಾ ತೆಗೆಯುವ ಡ್ಯಾಶ್‌ಕ್ಯಾಮ್ ಇದ್ದು ಅದೊಂದೇ 250 ಮಿಲಿಆಂಪ್ ಎಳೆದರೆ, ನಾಲ್ಕೇ ದಿನಕ್ಕೆ ಅದೇ ಗತಿ.

ಇನ್ನು ಮಾಲೀಕನ ಪ್ರೀತಿ. ಆಫೀಸಿನಲ್ಲಿ ಕೂತು ದಿನಕ್ಕೆ ಆರು ಸಲ ಆ್ಯಪ್ ತೆರೆದು 'ಲಾಕ್ ಆಗಿದೆಯಾ' ಎಂದು ನೋಡುವುದು, ಮಲಗಿದ ಮಗುವನ್ನು ಅಲುಗಾಡಿಸಿ 'ನಿದ್ದೆ ಬಂತಾ ಪುಟ್ಟಾ' ಅಂದ ಹಾಗೆ. ತಾಜಾ ಉತ್ತರ ಬೇಕೆಂದರೆ ಕಾರಿನ ಹಲವು ಕಂಪ್ಯೂಟರ್‌ಗಳು ಏಳಬೇಕು. ಎದ್ದವು ಮತ್ತೆ ಮಲಗಲು ಎಷ್ಟೋ ನಿಮಿಷ ಬೇಕು. ಹತ್ತಿರವಿದ್ದರೆ ಸಾಕು, ಕಾರು ಗುರುತು ಹಿಡಿಯುವ ಕೀಲೆಸ್ ಕೀಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕಿದರೂ ಕೆಲವು ಕಾರಿಗೆ ನಿದ್ದೆ ಹತ್ತುವುದಿಲ್ಲ.

ಕಳ್ಳನನ್ನು ಹಿಡಿಯಲು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಭರ್ತಿ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಮದುವೆಗೆ ರಿಕ್ಷಾ. ಎಳೆತ ಅಳೆಯಬೇಕೆಂದರೆ ಬಾನೆಟ್ ಎತ್ತಿ, ಅದರ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ, 'ಮುಚ್ಚಿದೆ' ಎಂದು ಕಾರನ್ನು ನಂಬಿಸಬೇಕು. ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪ್ ರೇಂಜಿನಲ್ಲಿ ಸೇರಿಸಿ, ಲಾಕ್ ಮಾಡಿ, ಕಂಪ್ಯೂಟರ್‌ಗಳೆಲ್ಲ ಮಲಗಲೆಂದು ಮುಕ್ಕಾಲು ಗಂಟೆ ಕಾಯಬೇಕು. ಆ ಮುಕ್ಕಾಲು ಗಂಟೆಯಲ್ಲಿ ಯಾರಾದರೂ 'ಏನ್ ಮಾಡ್ತಿದ್ದೀರಿ ಅಂಕಲ್' ಎಂದು ಬಾಗಿಲೆಳೆದೇ ಎಳೆಯುತ್ತಾರೆ. ಎಣಿಕೆ ಮತ್ತೆ ಮೊದಲಿಂದ. ಹುಮ್ಮಸ್ಸಿನಲ್ಲಿ ಸ್ಟಾರ್ಟ್ ಒತ್ತಿದರೋ, ಮೀಟರಿನ ಫ್ಯೂಸ್ ಢಮಾರ್. ಕೆಲಸ ಮುಗಿದ ಮೇಲೆ ಒಳಗಿನ ಲಿವರ್ ಎಳೆದು ಲ್ಯಾಚ್ ಬಿಡಿಸಿಯೇ ಬಾನೆಟ್ ಇಳಿಸಿ. ಮರೆತರೆ ಅದು ಮುಚ್ಚುವುದೇ ಇಲ್ಲ, ಬಡಿದರೆ ಡೆಂಟ್ ಬೇರೆ.

ಭಾನುವಾರ ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಗುರುಗುಟ್ಟಿಸುವುದು ಪಕ್ಕದವರಿಗೆ ಹೊಗೆ ಕುಡಿಸುವ ಕಾರ್ಯಕ್ರಮ ಅಷ್ಟೆ. ಬ್ಯಾಟರಿಗೇನಾದರೂ ಹತ್ತಬೇಕಾದರೆ ಅರ್ಧ-ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಬೇಕು. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೆಗೆಟಿವ್ ಟರ್ಮಿನಲ್ ಕಳಚಿಡಬಹುದು. ಸಾಮಾನ್ಯವಾಗಿ 10 ನಂಬರ್ ಪಾನಾ ಸಾಕು. ಆದರೆ ಆ ಪಾನಾವನ್ನು ಡಿಕ್ಕಿಯಲ್ಲಿಟ್ಟು ಮುಚ್ಚಬೇಡಿ: ಕರೆಂಟಿಲ್ಲದೆ ಎಷ್ಟೋ ಕಾರುಗಳ ಡಿಕ್ಕಿ ತೆರೆಯುವುದಿಲ್ಲ. ರಿಮೋಟಿನ ಹೊಟ್ಟೆಯಲ್ಲಿ ಅಡಗಿರುವ ಕಬ್ಬಿಣದ ಕೀಯಿಂದ ಡ್ರೈವರ್ ಬಾಗಿಲು ತೆರೆದು, ಹಿಂದಿನ ಸೀಟು ಮಡಚಿ, ಪಂಚೆ ಎತ್ತಿ ಕಟ್ಟಿ ತೆವಳಬೇಕಾದೀತು.

ಎಲ್ಲಕ್ಕಿಂತ ಒಳ್ಳೆಯದು ಭರ್ತಿಯಾದ ಮೇಲೆ ತಾನೇ ಸುಮ್ಮನಾಗುವ ಸ್ಮಾರ್ಟ್ ಚಾರ್ಜರ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆರುವ ಸ್ಟಾರ್ಟ್-ಸ್ಟಾಪ್ ಇರುವ ಕೆಲವು ಕಾರುಗಳಲ್ಲಿ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಬ್ಯಾಟರಿ ಇರುತ್ತದೆ, ಚಾರ್ಜರ್ ಅದಕ್ಕೆ ಹೊಂದುವುದೇ ಆಗಿರಬೇಕು. ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಬೇಕೆಂದರೆ ಮಾತ್ರ ಬೇರೆ ಎಜಿಎಂ: ಸೊಸೈಟಿಯದ್ದು, ವರ್ಷಕ್ಕೊಮ್ಮೆ, ಸಮೋಸಾ ಸಹಿತ.