ಡಿಫರೆನ್ಷಿಯಲ್ ಕವರ್‌ಗೆ 300 ಡಾಲರ್ ಕೊಡುವ ಮೊದಲು

ಇಲ್ಲಿ ಟೆಕ್ಸಸ್‌ನಲ್ಲಿ ನನ್ನ ಗೆಳೆಯರ ಪೈಕಿ ಯಾರು ಪಿಕಪ್ ಟ್ರಕ್ ತಗೊಂಡರೂ ಸ್ವಲ್ಪ ದಿನಕ್ಕೆ ಒಂದೇ ಪ್ರಶ್ನೆ ಕೇಳುತ್ತಾರೆ. "ಟ್ರೈಲರ್ ಎಳೆಯಬೇಕು, ಹಿಂದಿನ ಡಿಫರೆನ್ಷಿಯಲ್‌ಗೆ ಅಲ್ಯೂಮಿನಿಯಂ ಕವರ್ ಹಾಕಿಸಲಾ?" ಡಿಫರೆನ್ಷಿಯಲ್ ಅಂದರೆ ಎರಡು ಚಕ್ರಗಳ ನಡುವೆ ಕೂತು ಎಂಜಿನ್ ಶಕ್ತಿಯನ್ನು ಅವಕ್ಕೆ ಹಂಚುವ ಗೇರ್‌ಗಳ ಗೂಡು, ಕವರ್ ಅದರ ಹಿಂದಿನ ಮುಚ್ಚಳ. ನನ್ನ ಉತ್ತರವೂ ಒಂದೇ. ಮೊದಲು ಆಯಿಲ್ ನೋಡಿ, ಬ್ರೀದರ್ (ಒಳಗಿನ ಗಾಳಿ ಆಡೋಕೆ ಇರುವ ಸಣ್ಣ ಕಿಂಡಿ) ನೋಡಿ. ಕವರ್ ಆಮೇಲೆ.

ಎರಡು ವರ್ಷದ ಹಿಂದೆ ನಾನೂ ಒಂದು ದಪ್ಪ ಕವರ್ ತಂದು ಹಾಕಿದ್ದೆ. ಹೊರಗೆ ಬಿಸಿ ಕಳೆಯೋಕೆ ಅಂತ ಚೆಂದದ ರೆಕ್ಕೆಗಳು, ಒಳಮೈ ಮಾತ್ರ ಚಪ್ಪಟೆ. ಎಡವಟ್ಟು ಇರುವುದು ಅಲ್ಲೇ. ಒಳಗಿನ ದೊಡ್ಡ ಗೇರ್ ಆದ ಕ್ರೌನ್ ವೀಲ್‌ನ ಕೆಳಭಾಗ ಆಯಿಲ್‌ನಲ್ಲಿ ಮುಳುಗಿರುತ್ತದೆ. ಗಾಡಿ ಮುಂದೆ ಹೋಗುವಾಗ ಅದು ಆಯಿಲನ್ನು ಹಿಂದುಗಡೆಯಿಂದ ಮೇಲಕ್ಕೆತ್ತುತ್ತದೆ. ಕಂಪನಿ ಕವರ್ ದುಂಡಗಿದ್ದರೆ ಆಯಿಲ್ ಆ ದುಂಡುಮೈ ಹಿಡಿದು ಮೇಲೇರಿ, ಮುಂದಿರುವ ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಗೇರ್) ಬೇರಿಂಗ್ ಕಡೆ ಹರಿಯುತ್ತದೆ. ಚಪ್ಪಟೆ ಗೋಡೆಗೆ ಬಡಿದರೆ ಅಲ್ಲೇ ಚೆಲ್ಲಾಡಿ ನೊರೆಯಾಗುತ್ತದೆ. ಡೀಸೆಲ್ ಪಿಕಪ್ ಪ್ರಿಯರಿಗೆಲ್ಲ ಗೊತ್ತಿರುವ ಗೇಲ್ ಬ್ಯಾಂಕ್ಸ್ ಇದನ್ನು ವಿಡಿಯೋದಲ್ಲಿ ತೋರಿಸಿದ್ದಾರೆ. ಅವರ ಕಂಪನಿಯೂ ಕವರ್ ಮಾರುತ್ತದೆ, ಅದು ನೆನಪಿರಲಿ. ಆದರೆ ಆ ನೊರೆ ಕಣ್ಣಿಗೆ ಕಾಣುವಂಥದ್ದು.

ಇನ್ನು ಬ್ರೀದರ್ ಕಥೆ. ಹೋದ ಬೇಸಿಗೆಯಲ್ಲಿ ಗೆಳೆಯನ ದೋಣಿ ಎಳೆದುಕೊಂಡು ಲೇಕ್ ಟ್ರಾವಿಸ್‌ಗೆ ಹೋಗಿದ್ದೆವು. ಬಿಸಿಲಲ್ಲಿ ಭಾರ ಎಳೆದು ಆಕ್ಸಲ್ ಕಾದಿತ್ತು. ಹಾಗೇ ರ‍್ಯಾಂಪ್‌ನಲ್ಲಿ ರಿವರ್ಸ್ ಹೋಗಿ ಹಿಂದಿನ ಚಕ್ರ ನೀರಿಗಿಳಿಸಿದೆ. ಮೂರು ವಾರ ಬಿಟ್ಟು ಕವರ್ ಬಿಚ್ಚಿದರೆ ಹಾಲು ಜಾಸ್ತಿ ಬಿದ್ದ ಕಾಫಿಯಂಥ ಆಯಿಲ್ ಸುರಿಯಿತು! ಕಾದ ಹೌಸಿಂಗ್ (ಆಕ್ಸಲ್‌ನ ಹೊರಗೂಡು) ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ನೀರಲ್ಲಿದ್ದರೆ ನೀರನ್ನೇ ಎಳೆಯುತ್ತದೆ. ಬ್ರೀದರ್ ಮಣ್ಣು ಕಟ್ಟಿಕೊಂಡಿದ್ದರೆ ಸೀಲ್ ಸಂದಿಯಿಂದ ಎಳೆಯುತ್ತದೆ. ನನ್ನದು ಕಟ್ಟಿಕೊಂಡಿತ್ತು. ದುಬಾರಿ ಕವರ್ ಇದನ್ನು ತಡೆಯಲಿಲ್ಲ. ಬ್ರೀದರ್‌ಗೊಂದು ಉದ್ದ ಹೋಸ್ ಹಾಕಿ ಮೇಲಕ್ಕೆ ಕಟ್ಟಿದ್ದರೆ ಸಾಕಾಗುತ್ತಿತ್ತು.

ಆಯಿಲ್ ವಿಷಯಕ್ಕೆ ಬಂದರೆ, ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಆಯಿಲ್‌ನ ದಪ್ಪ ಹೇಳುವ ಗುರುತು 75ಡಬ್ಲ್ಯೂ-90 ಅಂತ ಗಾಡಿಯ ಪುಸ್ತಕದಲ್ಲಿದ್ದರೆ ಅದನ್ನೇ ಹಾಕಿ. ಭಾರ ಎಳೆಯುವವರಿಗೆ 75ಡಬ್ಲ್ಯೂ-140 ಹಾಕಿ ಅಂತ ಅದೇ ಪುಸ್ತಕ ಹೇಳಿದರೆ ಸರಿ. ಸುಮ್ನೆ ದಪ್ಪ ಆಯಿಲ್ ಹಾಕಿದರೆ ಅದನ್ನು ಕಡೆಯೋಕೇ ಶಕ್ತಿ ಖರ್ಚಾಗಿ ಬಿಸಿ ಜಾಸ್ತಿಯಾಗುತ್ತದೆ. ಡಬ್ಬದ ಮೇಲೆ ಜಿಎಲ್-5 (ಜೋರು ಒತ್ತಡ ತಡೆಯುವ ಗೇರ್ ಆಯಿಲ್‌ನ ದರ್ಜೆ) ಅಂತ ಇರಲೇಬೇಕು. ಈ ಆಕ್ಸಲ್‌ಗಳಲ್ಲಿ ಪಿನಿಯನ್ ಕ್ರೌನ್‌ನ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜೋರಾಗಿ ಉಜ್ಜುತ್ತವೆ. ಆ ಒತ್ತಡ ತಡೆಯೋಕೆ ಗಂಧಕ, ರಂಜಕ ಸೇರಿಸಿರುತ್ತಾರೆ. ಗೇರ್ ಆಯಿಲ್ ಬಟ್ಟೆಗೆ ತಾಗಿದರೆ ಎರಡು ದಿನ ನಾರುವುದು ಆ ಗಂಧಕದಿಂದಲೇ. ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ, ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆದರೆ ಫ್ರಿಕ್ಷನ್ ಮಾಡಿಫೈಯರ್ (ಆ ಪ್ಲೇಟ್‌ಗಳ ಉಜ್ಜಾಟ ನಯ ಮಾಡೋಕೆ ಆಯಿಲ್‌ಗೆ ಸೇರಿಸುವ ದ್ರವ) ಕೂಡ ಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಹಿಂದಿನಿಂದ ಗಡಗಡ ಅನ್ನುತ್ತದೆ.

ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪ ಲಾರಿ ಓಡಿಸುತ್ತಿದ್ದರು. ಡಾಬಾದಲ್ಲಿ ನಿಲ್ಲಿಸಿದಾಗ ಟೀಗಿಂತ ಮೊದಲು ಹೌಸಿಂಗ್ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. "ಆಯಿಲ್ ಕಮ್ಮಿ ಆದ್ರೆ ಕ್ರೌನ್ ಕೂಗುತ್ತೆ ಕಣೋ. ಕೂಗೋ ಹೊತ್ತಿಗೆ ತಡ ಆಗಿರುತ್ತೆ" ಅನ್ನುತ್ತಿದ್ದರು. ಅವರಿಗೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಬೇಕಿರಲಿಲ್ಲ.

ಹಾಗಂತ ಕವರ್ ತಗೊಳ್ಳಲೇಬೇಡಿ ಅನ್ನುತ್ತಿಲ್ಲ. ಎಷ್ಟೋ ಕಂಪನಿ ಕವರ್‌ಗಳಿಗೆ ಡ್ರೈನ್ ಪ್ಲಗ್ ಇಲ್ಲ. ಆಯಿಲ್ ಬದಲಿಸೋಕೆ ಬೋಲ್ಟ್ ಎಲ್ಲಾ ಬಿಚ್ಚಬೇಕು, ಹಾಗಾಗಿ ಜನ ಬದಲಿಸುವುದೇ ಇಲ್ಲ. ಒಳಮೈ ದುಂಡಗಿರುವ, ಡ್ರೈನ್ ಪ್ಲಗ್ ಮತ್ತು ಮ್ಯಾಗ್ನೆಟ್ ಇರುವ ಕವರ್ ಸಿಕ್ಕರೆ ದುಡ್ಡು ದಂಡವಲ್ಲ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಇದ್ದರೆ ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸಿ.

ಆಸ್ಟಿನ್ ಸುತ್ತಮುತ್ತ ಇರುವವರು ಯಾವ ಶನಿವಾರ ಬೇಕಾದರೂ ನಮ್ಮ ಗ್ಯಾರೇಜಿಗೆ ಬನ್ನಿ. ಟ್ರೇ, ಪಂಪ್, ಟಾರ್ಕ್ ರೆಂಚ್ ನನ್ನ ಹತ್ತಿರ ಇದೆ. ಆಯಿಲ್, ಗ್ಯಾಸ್ಕೆಟ್ ನೀವು ತನ್ನಿ.